ಕೆರಿಯಮ್ಮ ಕೇಳಿದ ಸಂಬಳ

ಕೆರಿಯಮ್ಮನ ಜೊತೆ ಮೀನು ಮಾರ್ಕೆಟ್ಟಿಗೆ ಹೋಗಬಾರದು. ಮರ್ಯಾದೆ ಉಳಿಯುವುದಿಲ್ಲ. ನೂರು ರೂಪಾಯಿಯ ಬಂಗುಡೆಯನ್ನು ಅರವತ್ತಕ್ಕೆ ಇಳಿಸಿ, ಮೇಲೆ ಎರಡು ಮೀನು ಹಾಕಿಸಿಕೊಳ್ಳುವವರೆಗೆ ಅವಳು ಜಾಗ ಬಿಟ್ಟು ಕದಲುವವಳಲ್ಲ. ಅದೇ ಹೆಂಗಸು ತನ್ನ ಸಂಬಳದ ಮಾತು ಬಂದರೆ ನೆಲ ನೋಡುತ್ತಿದ್ದಳು. "ನೀವೇ ನೋಡಿ ಕೊಡಿ," ಅಷ್ಟೇ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸಾಗರದ ನಮ್ಮ ಕ್ಲಿನಿಕ್ಕಿನಲ್ಲಿ ನಾನು ರಕ್ತ ಪರೀಕ್ಷೆ ಮಾಡುವವಳು. ಕೆರಿಯಮ್ಮ ನನ್ನ ಪ್ರಾಯದವಳೇ, ಆದರೆ ಕೆಲಸದಲ್ಲಿ ಹಳಬಳು, ಇಪ್ಪತ್ತೆರಡು ವರ್ಷ. ತಾಳಗುಪ್ಪದಿಂದ ಬೆಳಗಿನ ಬಸ್ಸಿಗೆ ಬಂದು ಬಾಗಿಲು ತೆಗೆಯುವುದು, ಗಾಯ ತೊಳೆದು ಪಟ್ಟಿ ಕಟ್ಟುವುದು, ಟೋಕನ್ ಕೂಗುವುದು, ಸೂಜಿ ಕಂಡು ಕಿರುಚುವ ಮಕ್ಕಳನ್ನು ಸೊಂಟಕ್ಕೆ ಏರಿಸಿಕೊಂಡು ಸಮಾಧಾನ ಮಾಡುವುದು, ಎಲ್ಲ ಅವಳದೇ. ದೊಡ್ಡ ಡಾಕ್ಟರು ಸುಂದರೇಶರು ನೋಡಿ ನೋಡಿ ಕೊಟ್ಟದ್ದು ಒಂಬತ್ತು ಸಾವಿರ, ಹಬ್ಬಕ್ಕೊಂದು ಸೀರೆ. ಕೆಟ್ಟವರಲ್ಲ. ಕೇಳದವರಿಗೂ ಹೆಚ್ಚಿಸಬೇಕೆಂದು ಅವರಿಗೆ ಹೊಳೆದಿರಲಿಲ್ಲ.

ಈ ವರ್ಷ ಅವರು ನಿವೃತ್ತರಾದರು, ಮಗಳು ಡಾಕ್ಟರ್ ಹರಿಪ್ರಿಯಾ ಆ ಕುರ್ಚಿಯಲ್ಲಿ ಕೂತರು. ಎಲ್ಲರ ಸಂಬಳ ಸರಿ ಮಾಡುತ್ತೇನೆಂದು ಒಬ್ಬೊಬ್ಬರನ್ನೇ ಕರೆದು, ಎಷ್ಟು ಬೇಕೆಂದು ಕೇಳಿದರು. ನಾನಂತೂ ನಾಚಿಕೆ ಬಿಟ್ಟು ಒಂದು ಸಾವಿರ ಜಾಸ್ತಿಯೇ ಕೇಳಿದೆ, ಸಿಕ್ಕಿತು. ಕೆರಿಯಮ್ಮನದು ಮೂರು ಸಲ ಕೇಳಿದರೂ ಅದೇ ಹಳೇ ಪಾಠ.

ಮರುದಿನ ಡಾಕ್ಟರು ಬೇರೆ ದಾರಿ ಹಿಡಿದರು. ನಾನು ರಿಪೋರ್ಟು ಕೊಡಲು ಹೋದವಳು ಅಲ್ಲೇ ನಿಂತಿದ್ದೆ.

"ಕೆರಿಯಮ್ಮ, ನಿಮ್ಮ ಕೆಲಸಕ್ಕೆ ಹೊಸಬಳು ಬೇಕು ಅಂದ್ರೆ ಎಷ್ಟು ಕೊಡಬೇಕಾಗುತ್ತೆ?"

ಕೆರಿಯಮ್ಮನ ಮುಖ ಬಿಳಿಚಿಕೊಂಡಿತು. ತನ್ನನ್ನು ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡಳು, ಪಾಪ. ನನಗೂ ಹಾಗೇ ಅನಿಸಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಬಾಯಿ ಬಿಟ್ಟಳು.

"ಹದಿನೈದು ಸಾವ್ರ."

"ಹನ್ನೆರಡಕ್ಕೆ ಬರಲ್ವಾ?"

"ಹನ್ನೆರಡಾ? ಡಾಕ್ಟ್ರಮ್ಮ, ಕೀವಾದ ಕಾಲು ತೊಳಿಯಾಕೆ ಹನ್ನೆರಡಕ್ಕೆ ಯಾರು ಬತ್ತಾರೆ? ಬೆಳಿಗ್ಗೆ ಬಂದ್ರೆ ಮನೆ ಸೇರೋದು ಕತ್ತಲಾದ ಮೇಲೆ. ಬಸ್ ಚಾರ್ಜ್ ಬೇರೆ ಕೊಡಿ. ಪ್ರೈವೇಟ್ ಬಸ್ಸಲ್ಲಿ ಹೆಂಗಸ್ರಿಗೆ ಫ್ರೀ ಇಲ್ಲ."

"ಹದಿಮೂರು ಮಾಡೋಣ?"

"ಬರೋಳು ಯಾರ ಮನೆ ಮಗಳೋ ಏನೋ! ಬಾಯಿ ಬಿಟ್ಟು ಕೇಳಲ್ಲ ಅಂತ ಮೋಸ ಮಾಡಬ್ಯಾಡಿ!" ಅನ್ನುತ್ತ ಮೇಜು ಕುಟ್ಟಿಯೇ ಬಿಟ್ಟಳು.

ತನ್ನ ಅನ್ನ ಹೋಗುತ್ತಿದೆ ಅನ್ನುವ ಹೊತ್ತಿನಲ್ಲಿ, ಕಂಡಿರದ ಹುಡುಗಿಯ ಪರವಾಗಿ ಜಗಳ!

ಹರಿಪ್ರಿಯಾ ಒಂದು ಕಾಗದದಲ್ಲಿ ಬರೆದು ಅವಳ ಕಡೆ ತಿರುಗಿಸಿದರು. ಹದಿನೈದು ಸಾವಿರ, ಜೊತೆಗೆ ಬಸ್ ಚಾರ್ಜು. ಮೇಲೆ ಕೆರಿಯಮ್ಮನ ಹೆಸರು.

"ಹೊಸಬರು ಯಾರೂ ಬರಲ್ಲ. ಇದು ನಿಮ್ಮ ಸಂಬಳ."

ಅವಳು ಎರಡು ಸಲ ಓದಿದಳು. "ನನಗಾ? ನನಗೆ ಇಷ್ಟೆಲ್ಲ ಯಾಕೆ?" ಅಂದಳು. ನಾವಿಬ್ಬರೂ ನಕ್ಕೆವು. ಅವಳಿಗೆ ರೇಗಿತು.

"ಹೆದರಿಸಿ ಕೊಡೋದಾ ಸಂಬಳಾನ? ಜೀವ ಬಾಯಿಗೆ ಬಂದಿತ್ತು!"

"ತಪ್ಪಾಯ್ತು ಕೆರಿಯಮ್ಮ," ಅಂದರು ಡಾಕ್ಟರು.

ಗೊಣಗುತ್ತಾ ಹೊರಟವಳು ಬಾಗಿಲಲ್ಲಿ ನಿಂತು ಹಿಂದಕ್ಕೆ ತಿರುಗಿದಳು.

"ಭಾನುವಾರ ರಜೆ ಬೇಕು," ಅಂದಳು. "ಹೊಸಬಳಿಗಲ್ಲ. ನನಗೆ."