ಆಯುಧಪೂಜೆಯ ಮರುದಿನದ ಗುಳ್ಳೆಗಳು

ನೀರಿನ ಬಗ್ಗೆ ಜೀವಮಾನವೆಲ್ಲ ಭಾಷಣ ಮಾಡಿಯೂ ಒಮ್ಮೆಯಾದರೂ ಕೈ ಒದ್ದೆ ಮಾಡಿಕೊಳ್ಳದ ಜನರನ್ನು ನೋಡಬೇಕೆಂದರೆ, ದ್ರವಗಳ ಹರಿವಿನ ಮೇಲೆ ಸಂಶೋಧನೆ ಮಾಡುವವರ ಸಮ್ಮೇಳನಕ್ಕೆ ಹೋಗಿ ಬರಬೇಕು. ನಾನು ಬೇಕಾದಷ್ಟು ಹೋಗಿದ್ದೇನೆ. ಬೆಳಗ್ಗೆ ದೀಪ ಬೆಳಗಿಸುತ್ತಾರೆ. ಆಮೇಲೆ ಪರದೆಯ ಮೇಲೆ ಕೆಂಪು, ನೀಲಿ, ಹಳದಿಯ ಚಿತ್ರಗಳು ಒಂದರ ಹಿಂದೊಂದು ಬರುತ್ತವೆ. ಇವರ ಚಿತ್ರವನ್ನು ಅವರು ಹೊಗಳುತ್ತಾರೆ, ಅವರದ್ದನ್ನು ಇವರು. ಮಧ್ಯಾಹ್ನ ಹೋಳಿಗೆ ಊಟ, ಸಂಜೆ ಶಾಲು. ನಡುವೆ ಯಾರಾದರೂ ಎದ್ದು 'ಇದು ನಿಜವಾದ ನೀರಿನಲ್ಲೂ ಹೀಗೇ ಆಗುತ್ತಾ ಸಾರ್?' ಎಂದು ಕೇಳಿದರೋ, ಮುಂದಿನ ವರ್ಷ ಅವರಿಗೆ ಆಮಂತ್ರಣವೇ ಬರುವುದಿಲ್ಲ.

ಹಾಸನದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಪಾಠ ಮಾಡುತ್ತಿದ್ದೆ. ಡಾಕ್ಟರೇಟ್ ಇಲ್ಲದವರ ಕೆಲಸ ಖಾಯಂ ಆಗುವುದಿಲ್ಲ ಎಂದು ಆಡಳಿತ ಮಂಡಳಿಯವರು ಖಡಾಖಂಡಿತವಾಗಿ ಹೇಳಿದ್ದರಿಂದ ನಮ್ಮ ವಿಭಾಗದ ಮುಖ್ಯಸ್ಥರ ಕೈಕೆಳಗೇ ಸಂಶೋಧನೆಗೆ ಸೇರಿಕೊಂಡೆ. ವಿಷಯ ಇಷ್ಟೇ: ರಭಸವಾಗಿ ಸುಳಿಯುವ ನೀರಿನಲ್ಲಿ ಎರಡು ಗಾಳಿಯ ಗುಳ್ಳೆಗಳು ಎದುರುಬದುರಾದರೆ ಅವು ಕೂಡಿ ಒಂದಾಗುತ್ತವೋ, ಇಲ್ಲ ತಮ್ಮ ಪಾಡಿಗೆ ತಾವು ಹೋಗುತ್ತವೋ? ನಿಮಗೆ ನಗು ಬರಬಹುದು. ಕೊಣನೂರಿನಲ್ಲಿ ನಮ್ಮ ಮನೆಯವರಿಗೂ ಬರುತ್ತಿತ್ತು. ಆದರೆ ಕೊಳಕು ನೀರನ್ನು ಶುದ್ಧ ಮಾಡುವ ತೊಟ್ಟಿಗಳೆಲ್ಲ ಈ ಪ್ರಶ್ನೆಯ ಮೇಲೇ ನಿಂತಿವೆ. ನನಗಂತೂ ಅದರ ಹುಚ್ಚು ಹಿಡಿದಿತ್ತು.

ಪ್ರಯೋಗಾಲಯದಲ್ಲಿ ಆಳೆತ್ತರದ, ಪಾರದರ್ಶಕ ಪ್ಲಾಸ್ಟಿಕ್ಕಿನ ಕೊಳವೆಯೊಂದನ್ನು ನಿಲ್ಲಿಸಿದ್ದೆ. ಕೆಳಗಿನಿಂದ ಪಂಪು ನೀರನ್ನು ಕಲಕುತ್ತಿತ್ತು, ಸಣ್ಣ ಸೂಜಿಗಳಿಂದ ಗಾಳಿ ಬರುತ್ತಿತ್ತು, ಎದುರಿಗೆ ಕ್ಯಾಮೆರಾ. ಆ ನೀರಿಗೆ ಬರಿಗೈ ತಾಗಿಸುವ ಹಾಗಿರಲಿಲ್ಲ. ಎಣ್ಣೆಯ ಪಸೆ, ಸೋಪಿನ ಅಂಶ ಎಳ್ಳಷ್ಟು ಬಿದ್ದರೂ ಗುಳ್ಳೆಯ ಮೇಲೆ ಪೊರೆ ಕಟ್ಟಿ ಅದರ ನಡವಳಿಕೆಯೇ ಬದಲಾಗುತ್ತದೆ. ಮಡಿಯಲ್ಲಿ ಅಡುಗೆ ಮಾಡುವವರ ಹಾಗೆ ನಾನು ಆ ನೀರನ್ನು ಕಾಪಾಡಿಕೊಂಡಿದ್ದೆ. ವರ್ಷಗಟ್ಟಲೆ ದುಡಿದು ಮುಕ್ಕಾಲು ಕೆಲಸ ಮುಗಿಸಿದ್ದೆ.

ನನ್ನ ಗೈಡು, ಅಂದರೆ ಆ ಮುಖ್ಯಸ್ಥರು, ಹಳ್ಳಿಮೈಸೂರಿನ ಕಡೆಯ ದೊಡ್ಡ ಜಮೀನುದಾರರ ಮನೆಯವರು. ಡಾಕ್ಟರೇಟ್ ಪಡೆದದ್ದು ಕಂಪ್ಯೂಟರಿನಲ್ಲಿ ನೀರು ಹರಿಸಿ. ಕಂಪ್ಯೂಟರಿನ ನೀರಿಗೆ ಪಾಚಿಯೂ ಇಲ್ಲ, ಜಿಡ್ಡೂ ಇಲ್ಲ, ಹೇಳಿದ ಹಾಗೆ ಕೇಳಿಕೊಂಡು ಬಿದ್ದಿರುತ್ತದೆ. ನನ್ನ ಕೊಳವೆಯ ಹತ್ತಿರ ಅವರು ಬರುತ್ತಿದ್ದದ್ದು ಯಾರಾದರೂ ಅತಿಥಿಗಳಿಗೆ ತೋರಿಸಲು ಮಾತ್ರ. ಆಗಲೂ ಅದನ್ನು 'ನನ್ನ ಸೆಟಪ್' ಎನ್ನುತ್ತಿದ್ದರು. ಇರಲಿ ಎಂದುಕೊಂಡೆ.

ಆ ವರ್ಷ ಆಯುಧಪೂಜೆಗೆ ನಾನು ಊರಿಗೆ ಹೋದೆ. ಹೋಗುವ ಮುಂಚೆ ಕೊಳವೆಗೆ ಹೊದಿಕೆ ಹಾಕಿ, ಮುಟ್ಟಬೇಡಿ ಎಂದು ಬರೆದು ಅಂಟಿಸಿ, ಗೈಡಿಗೂ ಬಾಯಿಬಿಟ್ಟು ಹೇಳಿದ್ದೆ. ಹಬ್ಬ ಮುಗಿಸಿ ಬಂದು ಬಾಗಿಲು ತೆಗೆದರೆ ಬೂದುಗುಂಬಳ ಒಡೆದ ಗುರುತು, ಪಂಪಿಗೆ ಅರಿಶಿನ ಕುಂಕುಮ, ಕ್ಯಾಮೆರಾದ ಕೊರಳಿಗೆ ಚೆಂಡುಹೂವು! ಅದೆಲ್ಲ ಹೋಗಲಿ. ಕೊಳವೆ ಫಳಫಳ ಹೊಳೆಯುತ್ತಿತ್ತು. ನಿಂಬೆಹಣ್ಣಿನ ಘಮ ಬೇರೆ.

ಗೈಡು ಹಿಂದೆಯೇ ಬಂದರು, ಮುಖದ ತುಂಬ ನಗು. "ಏನಮ್ಮಾ, ಒಳಗೆ ಅದೇನ್ ಪಾಚಿ ಕಟ್ಕೊಂಡಿತ್ತು! ಮನೇಲಿ ಟ್ರ್ಯಾಕ್ಟರ್ ತೊಳ್ಯಲ್ವಾ, ಅಂಗೇ ನಾನೇ ಸೋಪುಪುಡಿ ಆಕಿ ಕೈಯಾರ ಉಜ್ಜಿಬುಟ್ಟೆ. ನೋಡೀಗ, ಎಂಗೈತೆ!"

ಪಾಚಿಯಂತೆ ಪಾಚಿ! ಕ್ಯಾಮೆರಾಗೆ ಗುರುತಿರಲಿ ಎಂದು ನಾನೇ ಹೊರಗಿನಿಂದ ಅಂಟಿಸಿದ್ದ ಹಸಿರು ಪಟ್ಟಿ ಅದು. ಅದನ್ನು ತೆಗೆಯಲು ಈ ಮಹಾನುಭಾವರು ಒಳಗಿನಿಂದ ಉಜ್ಜಿದ್ದರು. ನನಗೆ ಅಳಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

"ಸಾರ್, ಸೋಪು ಬಿದ್ದರೆ ಗುಳ್ಳೆ ಕೂಡಲ್ಲ" ಎಂದೆ.

"ಚೆನ್ನಾಗಿ ನೀರ್ ಬುಟ್ಟಿದ್ದೀನಿ ಬುಡಮ್ಮಾ. ಎಲ್ಲಾ ಓಗೈತೆ."

ಎಲ್ಲಿ ಹೋಗುತ್ತದೆ? ನೀರು ತುಂಬಿಸಿ ಗಾಳಿ ಬಿಟ್ಟೆ. ಮೊದಲು ಒಂದಕ್ಕೊಂದು ತಾಗಿ ದೊಡ್ಡದಾಗುತ್ತಿದ್ದ ಗುಳ್ಳೆಗಳು ಈಗ ಸಣ್ಣಗೆ, ಒತ್ತೊತ್ತಾಗಿ, ಒಂದನ್ನೊಂದು ಮೂಸಿಯೂ ನೋಡದೆ ಮೇಲೇರಿದವು. ಕೊಳವೆಯೆಲ್ಲ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಯಿತು. ಪ್ಲಾಸ್ಟಿಕ್ಕಿನ ಗೋಡೆಗೆ, ಪಂಪಿನ ಸಂದುಗೊಂದಿಗೆ ಹತ್ತಿದ ಸೋಪು ತೊಳೆದಷ್ಟೂ ಬರುತ್ತಲೇ ಇತ್ತು. ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಶುಚಿ ಮಾಡುವುದೊಂದೇ ದಾರಿ ಎಂದು ಹೇಳಲು, ಆ ಬಿಳಿ ನೀರಿನ ವಿಡಿಯೋ ತೆಗೆದುಕೊಂಡು ಗೈಡಿನ ಕೋಣೆಗೆ ಹೋದೆ.

ಅವರು ನೋಡಿದರು. ಇನ್ನೊಮ್ಮೆ ನೋಡಿದರು. ಕುರ್ಚಿಯಿಂದ ಎದ್ದು ನಿಂತರು.

"ಇದು ಒಸದು ಕಣಮ್ಮಾ! ಇಷ್ಟು ರಭಸದಲ್ಲಿ ಗುಳ್ಳೆ ಕೂಡ್ತಾನೇ ಇಲ್ವಲ್ಲ! ಇದುನ್ನ ಯಾರೂ ಕಂಡಿಲ್ಲ!"

"ಸಾರ್, ಅದು ಸೋಪು."

"ಸೋಪು ಅಂತ ಬರ್ದ್ರೆ ಯಾವನ್ ಓದ್ತಾನೆ? ರಭಸ ಅಂತ ಬರಿ."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಇಲ್ಲ. ವಾರದೊಳಗೆ ಲೇಖನ ಸಿದ್ಧವಾಯಿತು. ಸುಳಿಯ ರಭಸ ಒಂದು ಮಟ್ಟ ದಾಟಿದರೆ ಗುಳ್ಳೆಗಳು ಕೂಡುವುದೇ ಇಲ್ಲ ಎಂಬ ಮಹಾ ಆವಿಷ್ಕಾರ! ನಮ್ಮ ಕಾಲೇಜಿನಲ್ಲೇ ಸಮ್ಮೇಳನ ನಿಗದಿಯಾಯಿತು. ಲೇಖನವನ್ನು ನಾನು ಅಲ್ಲಿ ಓದಬೇಕು, ಆಮೇಲೆ ನನ್ನ ಥೀಸಿಸ್ಸಿನ ಕೊನೆಯ ಅಧ್ಯಾಯವಾಗಿ ಸೇರಿಸಬೇಕು, ಆಗ ಅವರು ಸಹಿ ಹಾಕುತ್ತಾರೆ. ನನ್ನ ಡಾಕ್ಟರೇಟ್ ಆ ಸಹಿಯ ಮೇಲೆ ನಿಂತಿತ್ತು, ಕೆಲಸ ಡಾಕ್ಟರೇಟಿನ ಮೇಲೆ. ಓದುವುದಿಲ್ಲ ಎಂದೆ. ನನ್ನ ಹೆಸರು ತೆಗೆದು ತಾವೇ ಓದಿದರು.

ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಹೊರಗಿನಿಂದ ಬಂದ ಹಿರಿಯ ಪ್ರೊಫೆಸರರೊಬ್ಬರು ಕೂತಿದ್ದರು. ಗುಳ್ಳೆಗಳ ವಿಷಯದಲ್ಲಿ ದೊಡ್ಡ ಹೆಸರು. ನನ್ನ ಥೀಸಿಸ್ ಪರೀಕ್ಷಿಸಬೇಕಾದವರೂ ಅವರೇ ಎಂದು ಎಲ್ಲರಿಗೂ ಗೊತ್ತಿತ್ತು. ಅವರು ಎದ್ದು, "ನೀರಿನ ಶುದ್ಧತೆಯನ್ನು ಹೇಗೆ ಕಾಯ್ದುಕೊಂಡಿರಿ?" ಎಂದು ಕೇಳಿದಾಗ ನಾನು ಕುರ್ಚಿಯ ಅಂಚಿಗೆ ಸರಿದು ಕೂತೆ. ಸದ್ಯ, ಕೇಳುವವರು ಒಬ್ಬರಾದರೂ ಇದ್ದಾರಲ್ಲ!

ಗೈಡು ಎದೆಯುಬ್ಬಿಸಿ ಹೇಳಿದರು: "ಸಾರ್, ಅದರಲ್ಲಿ ರಾಜಿಯೇ ಇಲ್ಲ. ಒಳ್ಳೇ ಸೋಪುಪುಡಿ ಹಾಕಿ ನಾನೇ ಸ್ವತಃ ಉಜ್ಜಿ ತೊಳೆದಿದ್ದೇನೆ."

ತುಂಬಿದ ಸಭೆಯಲ್ಲಿ, ಮೈಕಿನಲ್ಲಿ, ತಾವಾಗಿಯೇ ಹೇಳಿಕೊಂಡರು! ಈ ಶಾಸ್ತ್ರದಲ್ಲಿ ತಲೆ ನರೆತವರೇ ಅಲ್ಲಿ ಕೂತಿದ್ದರು. ಒಬ್ಬರೂ ಕಮಕ್ ಕಿಮಕ್ ಎನ್ನಲಿಲ್ಲ. ಹಿರಿಯ ಪ್ರೊಫೆಸರರು ನೆಲ ನೋಡಿದರು. "ಬಹಳ ಅಚ್ಚುಕಟ್ಟಾದ ಕೆಲಸ" ಎಂದು ಕೂತುಬಿಟ್ಟರು. ಚಪ್ಪಾಳೆ ಬಿತ್ತು. ಮಧ್ಯಾಹ್ನ ಅವರನ್ನು ಹಳೇಬೀಡಿಗೆ ಕರೆದುಕೊಂಡು ಹೋಗಲು ನಮ್ಮ ಗೈಡಿನ ಕಾರು ಹೊರಗೆ ಸಿದ್ಧವಾಗಿ ನಿಂತಿತ್ತು.

ಊಟದ ಹೊತ್ತಿನಲ್ಲಿ ಕೈತೊಳೆಯುವ ನಲ್ಲಿಯ ಹತ್ತಿರ ಆ ಹಿರಿಯ ಪ್ರೊಫೆಸರರು ನನ್ನನ್ನು ಕರೆದರು. ದನಿ ತಗ್ಗಿಸಿ, "ಸೋಪಿನದೇ ಕೆಲಸ ಅಂತ ನನಗೂ ಗೊತ್ತಾಯಿತಮ್ಮ. ನೀವೇನೂ ಯೋಚನೆ ಮಾಡಬೇಡಿ. ನಿಮ್ಮ ಥೀಸಿಸ್ ನನ್ನ ಹತ್ತಿರವೇ ಬರೋದು, ನಾನು ಪಾಸ್ ಮಾಡ್ತೀನಿ" ಎಂದರು. ಸಮಾಧಾನ ಹೇಳಿದೆನೆಂದು ಅವರಿಗೆ ತೃಪ್ತಿ. ನನಗೆ ಮೈಯೆಲ್ಲ ಉರಿದುಹೋಯಿತು. ತಿಳಿಯದವನ ಮೇಲೆ ಬರುವ ಸಿಟ್ಟು, ತಿಳಿದೂ ಮುಚ್ಚಿಟ್ಟ ಇವರ ಮೇಲಿನ ಸಿಟ್ಟಿನ ಮುಂದೆ ಏನೇನೂ ಅಲ್ಲವೆನಿಸಿತು.

ಸಂಜೆ ಗೈಡಿನ ಕೋಣೆಗೆ ಹೋಗಿ, ಶುದ್ಧ ನೀರಿನಲ್ಲಿ ಮತ್ತೆ ಪ್ರಯೋಗ ಮಾಡಲು ಬಿಡಿ, ಇಲ್ಲವಾದರೆ ಆ ಅಧ್ಯಾಯ ಬರೆಯುವುದಿಲ್ಲ ಎಂದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ಒಂದು ಚಿಟಿಕೆ ಸೋಪುಪುಡಿಗೆ ಡಾಕ್ಟರೇಟ್ ಬುಡ್ತೀಯೇನಮ್ಮಾ?"

"ನೀವು ಒಂದು ಚಿಟಿಕೆ ಸೋಪುಪುಡಿಗೆ ಡಾಕ್ಟರೇಟ್ ಕೊಡ್ತಿದ್ದೀರಲ್ಲ ಸಾರ್!"

ಸಹಿ ಬೀಳಲಿಲ್ಲ. ನೋಂದಣಿಯ ಅವಧಿ ಮುಗಿಯಿತು, ಅದರ ಹಿಂದೆ ಕೆಲಸವೂ ಹೋಯಿತು. ಈಗ ಚನ್ನರಾಯಪಟ್ಟಣದಲ್ಲಿ ಡಿಪ್ಲೊಮಾ ಹುಡುಗರಿಗೆ ಪಂಪು, ಪೈಪುಗಳ ಪಾಠ ಮಾಡುತ್ತೇನೆ. ಹುಡುಗರು ಒಳ್ಳೆಯವರು. ಆದರೂ ಹಾಸನದ ಕಡೆಯ ಬಸ್ಸು ಹತ್ತುವಾಗಲೆಲ್ಲ ಆ ಕಾಲೇಜಿನ ಗೇಟು ಕಾಣದ ಬದಿಯ ಸೀಟು ಹುಡುಕುತ್ತೇನೆ, ಸುಳ್ಳೇಕೆ ಹೇಳಲಿ.

ನನ್ನ ಜಾಗಕ್ಕೆ ಅರಕಲಗೂಡಿನ ಕಡೆಯ ಹುಡುಗಿಯೊಬ್ಬಳು ಬಂದಳು. ಬಹಳ ಕಾಲದ ಮೇಲೆ ಒಂದು ದಿನ ನನ್ನ ನಂಬರು ಹುಡುಕಿಕೊಂಡು ಅವಳೇ ಫೋನ್ ಮಾಡಿದಳು. "ಅಕ್ಕಾ, ಎಷ್ಟ್ ಕ್ಲೀನ್ ಮಾಡಿದ್ರೂ ಸಾರ್ ಕಂಡಿದ್ದು ನಂಗೆ ಬತ್ತಾನೇ ಇಲ್ಲ. ಮುಂಚೆ ಇದ್ದೋಳ ಕೈಗುಣ ಚೆನ್ನಾಗಿತ್ತು, ನಿನ್ ಕೈಯೇ ಸರಿಯಿಲ್ಲ ಅಂತಾರೆ." ಪಾಪದ ಹುಡುಗಿ! ಶುದ್ಧ ನೀರು ಸಾಲದೆಂದು ಇನ್ನೂ ಶುದ್ಧ ನೀರು ತರಿಸಿ ತೊಳೆದೂ ತೊಳೆದೂ ಅವಳ ಬೆರಳು ಸುಕ್ಕುಗಟ್ಟಿದ್ದವಂತೆ. ನಡೆದದ್ದನ್ನೆಲ್ಲ ಹೇಳಿದೆ. ಸಭೆಯದು, ನಲ್ಲಿಯ ಹತ್ತಿರದ್ದು, ನನ್ನ ಕೆಲಸ ಹೋದದ್ದು, ಒಂದನ್ನೂ ಬಿಡಲಿಲ್ಲ. "ಒಂದು ಚಿಟಿಕೆ ಸೋಪುಪುಡಿ ಹಾಕಿ ನೋಡಮ್ಮ. ಬಂದರೆ ಶುದ್ಧ ನೀರಿನದು, ಸೋಪಿನದು ಎರಡನ್ನೂ ಪಕ್ಕಪಕ್ಕ ಇಟ್ಟು ಬರಿ, ಆಗ ಯಾರೂ ಅಲ್ಲಗಳೆಯುವಂತಿಲ್ಲ" ಎಂದೆ. ಮಾರನೇ ದಿನವೇ ಫೋನ್ ಮಾಡಿದಳು: "ಬಂತು ಅಕ್ಕಾ! ಬೆಳ್ಳಗೆ ಬಂತು!" ಫೋನಿಟ್ಟ ಮೇಲೆ ನಾನು ಒಬ್ಬಳೇ ಕೂತು ನಕ್ಕೆ. ಕೊನೆಗೂ ಒಬ್ಬಳು ಬರೆಯುತ್ತಾಳೆ ಎಂದು ಹಿಗ್ಗಿದೆ.

ಮೊನ್ನೆ ಅವಳು ಪೇಡದ ಡಬ್ಬಿ ಹಿಡಿದುಕೊಂಡು ಮನೆಗೆ ಬಂದಳು. ಡಾಕ್ಟರೇಟ್ ಆಗಿತ್ತು. ತಬ್ಬಿಕೊಂಡೆ. ಕೂರಿಸಿ ಕಾಫಿ ಕೊಟ್ಟು, ಥೀಸಿಸ್ ತೆಗೆದುಕೊಂಡು ಹಾಳೆ ತಿರುವಿದೆ. ಚಿತ್ರಗಳು ಸೊಗಸಾಗಿದ್ದವು, ಕೆಂಪು, ನೀಲಿ, ಹಳದಿ. ಕೊನೆಯ ಅಧ್ಯಾಯದಲ್ಲಿ ಆ ಬಿಳಿ ಗುಳ್ಳೆಗಳಿದ್ದವು. ರಭಸವೂ ಇತ್ತು.

"ಸೋಪಿನ ವಿಷಯ ಎಲ್ಲಿ ಬರೆದಿದ್ದೀಯಾ?" ಎಂದು ಕೇಳಿದೆ.

ಅವಳು ಲೋಟ ಕೆಳಗಿಟ್ಟಳು. "ಬರೀಲಿಲ್ಲ ಅಕ್ಕಾ" ಎಂದಳು. "ಬರುದ್ರೆ ಏನಾಯ್ತದೆ ಅಂತ ನೀವೇ ಏಳಿದ್ರಲ್ಲ."