ನಿಲ್ಕುಂದದ ಬಸ್ಸಿಗೆ ಕಾಯುವ ಬೆಂಚು

ಮಧ್ಯಾಹ್ನ ಹತ್ತಿರವಾದಂತೆ ಶಿರಸಿಯ ಬಸ್ ನಿಲ್ದಾಣಕ್ಕೆ ಒಂದು ಮಂಪರು ಇಳಿಯುತ್ತದೆ. ಎಂಜಿನ್ ಆರಿಸಿದ ಬಸ್ಸುಗಳು, ಕಿಟಕಿಗೆ ತಲೆಯಾನಿಸಿ ಬಾಯಿ ತೆರೆದು ನಿದ್ದೆ ಹೋದವರು, ನನ್ನ ಮೇಜಿನ ಕೆಳಗಿನ ಚೀಲದಿಂದ ಏಳುವ ಹೊಸ ಬಟ್ಟೆಯ ಗಂಜಿವಾಸನೆ. ಆ ವಾಸನೆ ಮೂಗಿಗೆ ಬಡಿದರೆ ಸಾಕು, ನಾನು ಸಂಚಾರ ಅಧಿಕಾರಿ ಎಂಬುದೇ ಮರೆತುಹೋಗುತ್ತದೆ. ನಿಲ್ದಾಣದ ಎದುರಿನ ಅಪ್ಪನ ಬಟ್ಟೆ ಅಂಗಡಿಯಲ್ಲಿ ಕತ್ತರಿ ಹಿಡಿದು ನಿಂತಿರುತ್ತೇನೆ.

ನಾವು ಬನವಾಸಿ ಕಡೆಯಿಂದ ಬಂದ ವ್ಯಾಪಾರಸ್ಥರು. ಬಿ.ಕಾಂ. ಮುಗಿಸಿ ಆರು ವರ್ಷ ನಾನೂ ಬಟ್ಟೆ ಅಳೆದವನೇ. ಅಂಗಡಿ ಹೆಸರಿಗೆ ಬಟ್ಟೆಯದು. ನಿಜ ಹೇಳಬೇಕೆಂದರೆ ಅದು ನಿಲ್ಕುಂದದವರ ತಂಗುದಾಣ. ಹನ್ನೆರಡಕ್ಕೆ ಆ ಹಳ್ಳಿಯ ಬಸ್ಸಿನಿಂದ ಇಳಿದವರು ನೇರ ಬಂದು ಚೀಲ, ಕೊಡೆಗಳನ್ನು ನಮ್ಮ ಬೆಂಚಿನ ಕೆಳಗೆ ತಳ್ಳಿ ಪೇಟೆಗೆ ಹೋಗುತ್ತಿದ್ದರು. ಕೇಳುವುದಿಲ್ಲ, ಹೇಳುವುದಿಲ್ಲ. ಯಾವ ಚೀಲ ಯಾರದೆಂದು ಅಪ್ಪನಿಗೆ ಎಂದೂ ತಪ್ಪಿದ್ದಿಲ್ಲ.

ಬಸ್ಸು ಮರಳಿ ಹೊರಡುವುದು ಎರಡಕ್ಕೆ. ಪೇಟೆ ಮುಗಿಸಿದ ಹೆಂಗಸರು ಬಂದು, ಚೀಲದಿಂದ ಸೀರೆ ತೆಗೆದು, ಅದಕ್ಕೊಪ್ಪುವ ಕಣ, ಎಂದರೆ ರವಿಕೆಯ ಬಟ್ಟೆ, ಹುಡುಕಲು ಕೂರುತ್ತಿದ್ದರು. ಅಂಗಡಿಯ ದೀಪದಲ್ಲಿ ಹೊಂದಿದ ಬಣ್ಣವನ್ನು ಒಬ್ಬಳೂ ನಂಬಿದವಳಲ್ಲ. ಸೆರಗು, ಕಣ ಎರಡನ್ನೂ ರಸ್ತೆಗೊಯ್ದು ಬಿಸಿಲಿಗೆ ಹಿಡಿಯಬೇಕು, ತಲೆ ಅಲ್ಲಾಡಿಸಬೇಕು, ಒಳಗೆ ಬಂದು ಇನ್ನೊಂದು ಕೇಳಬೇಕು! ಇಪ್ಪತ್ತು ಕಣ ತೆಗೆಸಿ ಒಂದು ಕೊಂಡರೂ ಅಪ್ಪನಿಗೆ ಬೇಸರವಿಲ್ಲ. ನನಗೆ ಮಾತ್ರ ಮೈ ಉರಿಯುತ್ತಿತ್ತು. ಅಷ್ಟರಲ್ಲಿ ಯಾರಾದರೂ ಬೆಂಚಿನ ಮೇಲೆ ತೂಕಡಿಸಿದರೆ ಅಪ್ಪ ಮೆಲ್ಲಗೆ ಕರೆಯುತ್ತಿದ್ದ, "ಏಳ್ರವ್ವಾ, ಬಸ್ಸು ಬಂತು."

ಆ ಉರಿಯಲ್ಲೇ ಪರೀಕ್ಷೆ ಬರೆದು ಸಾರಿಗೆಯ ನೌಕರಿ ಹಿಡಿದೆ. ಯಲ್ಲಾಪುರದ ಮಂಜಿನಲ್ಲಿ ಬಸ್ಸಿಗಿಂತ ಮೊದಲು ಅದರ ಹಾರ್ನ್ ಬಂದು ತಲುಪುವ ಬೆಳಗುಗಳು ಈಗಲೂ ಕಿವಿಯಲ್ಲಿವೆ. ಅಲ್ಲಿ ಮಂಚಿಕೇರಿಯ ಬಸ್ಸಿನ ಹೊತ್ತು ತಿದ್ದಿ ಭೇಷ್ ಅನ್ನಿಸಿಕೊಂಡೆ. ಸಿದ್ದಾಪುರದಲ್ಲಿ ಇನ್ನೂ ನಾಲ್ಕು ಬಸ್ಸು ತಿದ್ದಿದೆ. "ವ್ಯಾಪಾರಸ್ಥನ ಮಗ, ತಲೆ ಓಡುತ್ತೆ" ಎಂದರು ಮೇಲಿನವರು. ಜಂಬ ಬರದೆ ಇರುತ್ತದೆಯೇ? ಬಂತು.

ಜಂಬ ಹೊತ್ತುಕೊಂಡೇ ಶಿರಸಿಗೆ ವರ್ಗವಾಗಿ ಬಂದೆ. ಕಣ್ಣಿಗೆ ಮೊದಲು ಬಿದ್ದದ್ದು ಎರಡು ತಾಸು ಸುಮ್ಮನೆ ನಿಲ್ಲುವ ನಿಲ್ಕುಂದದ ಬಸ್ಸು. ಕಪಾಟಿನಲ್ಲಿ ಮಲಗಿದ ಮಾಲು ಕಂಡರೆ ಅಪ್ಪನಿಗಾಗದು. ನನಗೆ ಮಲಗಿದ ಬಸ್ಸು ಕಂಡರಾಗಲಿಲ್ಲ. ಎರಡು ತಾಸನ್ನು ಅರ್ಧ ತಾಸಿಗಿಳಿಸಿ, ಉಳಿದ ಹೊತ್ತಿಗೆ ಅದೇ ಬಸ್ಸು ಸಂಜೆ ಕಾನಸೂರಿಗೊಂದು ಸುತ್ತು ಹೋಗುವಂತೆ ವೇಳಾಪಟ್ಟಿ ಬರೆದೆ. ಶಿರಸಿಯ ಕಾಲೇಜಿಗೆ ಬರುವ ಕಾನಸೂರಿನ ಹುಡುಗಿಯರು ಕುಣಿದಾಡಿದರು. ಆ ಎರಡು ತಾಸಿನ ಮೇಲೆಯೇ ನಮ್ಮ ಮನೆಯ ಅನ್ನ ಬೇಯುತ್ತಿತ್ತೆಂದು ಆರು ವರ್ಷ ಅಲ್ಲೇ ನಿಂತವನಿಗೆ ಹೊಳೆಯಲಿಲ್ಲ. ದೇವರಾಣೆ, ಹೊಳೆಯಲೇ ಇಲ್ಲ.

ಒಂದು ದಿನ ಅಪ್ಪನನ್ನು ನೋಡಲು ಅಂಗಡಿಗೆ ಹೋದೆ. ಬೆಂಚಿನ ಕೆಳಗೆ ಒಂದೂ ಚೀಲವಿಲ್ಲ. ನಿಲ್ಕುಂದದ ಹೆಂಗಸೊಬ್ಬಳು ಮೆಟ್ಟಿಲ ಮೇಲೆಯೇ ನಿಂತು, ಅಪ್ಪ ಹರವಿದ ಕಣಗಳನ್ನು ಆಸೆಯಿಂದ ನೋಡಿದಳು. "ಹೊತ್ತಿಲ್ಲೆ ಸಾವ್ಕಾರ್ರೇ, ಬಸ್ಸು ಹೋಗ್ತು" ಎಂದವಳೇ ಓಡಿದಳು. ಅಪ್ಪ ಒಂದೊಂದೇ ಕಣ ಮಡಚಿ ಒಳಗಿಟ್ಟ.

"ಅಪ್ಪಾ, ಹಳೇ ಟೈಮಿಗೇ ಹಾಕಿಬಿಡ್ಲೇನು?"

"ಹುಚ್ಚಪ್ಪಾ! ನನ್ನ ಅಂಗಡಿ ಸಲುವಾಗಿ ಬಸ್ಸು ನಿಲ್ಲಸ್ತೀಯೇನು? ಆ ಕಾನಸೂರಿನ ಹುಡುಗ್ಯಾರು ಹೊತ್ತು ಮುಳುಗೂತನಾ ಇಲ್ಲೇ ಕಾಯಬೇಕೇನು?"

ಬೈದಿದ್ದರೆ ಚೆನ್ನಾಗಿತ್ತು. ಆ ಮಳೆಗಾಲಕ್ಕೆ ಮೊದಲು ಅಪ್ಪ ಅಂಗಡಿಯ ಬಾಗಿಲು ಎಳೆದ. ಯಾರ ಮೇಲೂ ದೂರಿಲ್ಲ. ಬೆಂಚನ್ನು ಮಾರಲು ಮನಸ್ಸಾಗದೆ ನಾನೇ ಹೊರಿಸಿಕೊಂಡು ಬಂದು ನನ್ನ ಕಚೇರಿಯಲ್ಲಿ ಹಾಕಿಸಿದೆ. ಅದನ್ನು ಕಂಡಾಗಲೆಲ್ಲ ಅಳು ಬರುತ್ತಿತ್ತು.

ಮಳೆ ಕಳೆದ ಮೇಲೆ ಒಂದು ಸೋಮವಾರ, ಬಿಳೀ ಪಂಚೆ ಉಟ್ಟ ಅಪ್ಪ ಕಚೇರಿಗೆ ಬಂದ. ಕೇಳಲಿಲ್ಲ, ಹೇಳಲಿಲ್ಲ, ದೊಡ್ಡ ಚೀಲವೊಂದನ್ನು ನನ್ನ ಮೇಜಿನ ಕೆಳಗೆ ತಳ್ಳಿದ.

"ಇದು ಇಲ್ಲಿರ್ಲಿ. ನಿಲ್ಕುಂದದ ಬಸ್ಸು ಬಂದಾಗ ಕರಿ."

"ಎಲ್ಲಿಗಪ್ಪಾ ಈ ವಯಸ್ಸಿನ್ಯಾಗ?"

"ಅವರಿಗೆ ಕಣ ನೋಡಾಕ ಹೊತ್ತಿಲ್ಲ, ನನಗೈತಿ. ಬಿಸಿಲು ಅವರ ಊರಾಗೇನು ಬೀಳಂಗಿಲ್ಲೇನು?"

ಅಂದಿನಿಂದ ಪ್ರತಿ ಸೋಮವಾರ ಅಪ್ಪನ ಸವಾರಿ ಹೊರಡುತ್ತದೆ. ಅಧಿಕಾರಿಯ ಅಪ್ಪನೆಂದು ಕಂಡಕ್ಟರ್ ಸಂಕೋಚಪಟ್ಟರೆ, ಗದರಿಸಿ ಟಿಕೆಟ್ ಕೊಳ್ಳುತ್ತಾನೆ. ಅಲ್ಲಿ ಯಾರದೋ ಅಂಗಳದಲ್ಲಿ ಕಣ ಹರವಿ ಕೂತು, ಸಂಜೆಯ ಬಸ್ಸಿಗೆ ಮರಳುತ್ತಾನೆ.

ಇವತ್ತೂ ಸೋಮವಾರ. ಚೀಲ ಮೇಜಿನ ಕೆಳಗಿದೆ. ಅಪ್ಪ ಬೆಂಚಿನ ಮೇಲೆ ಗೋಡೆಗೊರಗಿ, ಸಣ್ಣಗೆ ಗೊರಕೆ ಹೊಡೆಯುತ್ತ ಮಲಗಿದ್ದಾನೆ. ಬಸ್ಸು ಸ್ವಲ್ಪ ತಡವಾಗಬಾರದೇ, ಮುದುಕ ಇನ್ನೊಂದು ಗಳಿಗೆ ನಿದ್ದೆ ಮಾಡಬಾರದೇ ಅನ್ನಿಸುತ್ತದೆ. ಎಲ್ಲಿಯ ತಡ! ನಾನೇ ಬರೆದ ವೇಳಾಪಟ್ಟಿ. ಹನ್ನೆರಡಕ್ಕೆ ಸರಿಯಾಗಿ ಬಸ್ಸು ಒಳಗೆ ತಿರುಗುತ್ತದೆ. ನಾನು ಎದ್ದುಹೋಗಿ ಭುಜ ಮುಟ್ಟಿ ಮೆಲ್ಲಗೆ ಕರೆಯುತ್ತೇನೆ.

"ಏಳಪ್ಪಾ, ಬಸ್ಸು ಬಂತು."