ತಾರಸಿಯ ಮೇಲಿನ ಕೆಂಪು ಜಮಖಾನ

ಪೆಟ್ಟಿಗೆಯಿಂದ ಜಮಖಾನ ತೆಗೆದರೆ ನುಸಿಗುಳಿಗೆಯ ವಾಸನೆ ಮನೆಯೆಲ್ಲ ಹರಡುತ್ತದೆ. ಆ ವಾಸನೆಗೆ ನಿಮಗೆ ಮದುವೆ ಮನೆ ನೆನಪಾಗಬಹುದು. ನನಗೆ ನೆನಪಾಗುವುದು ವಿಮಾನ.

ಪೈಲಟ್ ತರಬೇತಿಯಲ್ಲಿ ನಾನು ಒಬ್ಬನೇ ಹಾರಬೇಕಿದ್ದ ಮೊದಲ ದೂರದ ದಾರಿ ನಮ್ಮ ಶಿಡ್ಲಘಟ್ಟದ ಮೇಲೆಯೇ ಹಾದು ಚಿಂತಾಮಣಿಗೆ ಹೋಗಿ ಬರುವುದಾಗಿತ್ತು. ಸುದ್ದಿ ಕೇಳಿ ಅಮ್ಮ, “ತಾರಸಿ ಮೇಲೆ ಕೆಂಪು ಜಮಖಾನ ಹಾಸಿರ್ತೀನಿ, ನೋಡ್ಕೊಂಡು ಹೋಗಪ್ಪ” ಎಂದಳು. ನಮ್ಮ ಕಡೆ ನೆಂಟರು ಬರುವಾಗ ಮನೆಯವರು ಯಾರಾದರೂ ರಸ್ತೆಗೆ ಬಂದು ನಿಲ್ಲುವುದು ವಾಡಿಕೆ. ವಿಮಾನದಲ್ಲಿ ಬರುವವನಿಗೆ ಇನ್ನೇನು ತಾನೇ ಮಾಡಲಾದೀತು? ಅಮ್ಮ ಪಕ್ಕದ ಮನೆಯ ನಸೀಮಾ ಅವರಿಗೂ ಹೇಳಿದಳು. ಅವರು ಬೀದಿಗೆಲ್ಲ ಹೇಳಿದರು. ಒಳ್ಳೆಯ ಜನ, ಎಲ್ಲರೂ ತಮ್ಮ ತಮ್ಮ ಜಮಖಾನ ಹಾಸಿದರು.

ಮೇಲಿನಿಂದ ನೋಡಿದರೆ ಬೀದಿಗೆ ಬೀದಿಯೇ ಕೆಂಪಗಿತ್ತು. ನಮ್ಮದು ಯಾವುದೆಂದು ಹುಡುಕುತ್ತ ಸುತ್ತು ಹಾಕಿದೆ, ಮತ್ತೆ ಹಾಕಿದೆ. ತಲೆ ಎತ್ತುವಷ್ಟರಲ್ಲಿ ಸುತ್ತ ಮಬ್ಬು ಕವಿದು, ಊರು ಎಲ್ಲೋ ಹಿಂದೆ ಉಳಿದು, ಎದುರಿಗೊಂದು ಬೆಟ್ಟ. ಕೈವಾರದ್ದೋ ನಂದಿಯದ್ದೋ ತಿಳಿಯಲಿಲ್ಲ. ಬಸ್ಸಿನ ಕಿಟಕಿಯಿಂದ ನೋಡಿ ಬೆಳೆದ ಬೆಟ್ಟಗಳು ಮೇಲಿನಿಂದ ಎಲ್ಲವೂ ಒಂದೇ ಥರ. ಬೋರ್ಡೂ ಇಲ್ಲ. ಹೆದರಿಕೆಯಾಯಿತು. ಅದಕ್ಕಿಂತ ಕಷ್ಟದ ಸಂಗತಿ ಎಂದರೆ, ಶಿಡ್ಲಘಟ್ಟದವನು ಶಿಡ್ಲಘಟ್ಟದ ಮಗ್ಗುಲಲ್ಲೇ ದಾರಿ ಕೇಳಬೇಕು.

ಕೊನೆಗೆ ರೇಡಿಯೊದಲ್ಲಿ ನಿಯಂತ್ರಣ ಕೇಂದ್ರವನ್ನು ಕರೆದು, ದಾರಿ ತಪ್ಪಿದೆ ಎಂದೆ. ಒಬ್ಬ ಹೆಂಗಸಿನ ದನಿ. ಹೇಗೆ ತಪ್ಪಿತೆಂದು ಕೇಳಲಿಲ್ಲ. ಇಂಗ್ಲಿಷಿನಲ್ಲಿ ಆಕೆ ಹೇಳಿದ್ದರ ಅರ್ಥ ಇಷ್ಟೆ: ರೇಡಾರಿನಲ್ಲಿ ನೀವು ನನಗೆ ಕಾಣುತ್ತಿದ್ದೀರಿ, ಬಲಕ್ಕೆ ತಿರುಗಿ. ಕೇಳಿಸಿಕೊಂಡದ್ದನ್ನು ಹಾಗೆಯೇ ಮರಳಿ ಹೇಳಬೇಕೆಂಬುದು ಹಾರಾಟದ ನಿಯಮ. ಬಲಕ್ಕೆ ತಿರುಗುತ್ತಿದ್ದೇನೆ ಎಂದೆ. ಹೀಗೆ ಆಕೆ ಹೇಳುತ್ತ, ನಾನು ಪಾಠ ಒಪ್ಪಿಸುತ್ತ, ರನ್‌ವೇ ಕಣ್ಣಿಗೆ ಬೀಳುವ ತನಕ ಜೊತೆಗಿದ್ದಳು. ಆಕೆಯ ಮುಖ ನಾನು ಇವತ್ತಿಗೂ ನೋಡಿಲ್ಲ.

ಸಂಜೆ ಫೋನಿನಲ್ಲಿ ಅಮ್ಮ, “ಯಾವ್ದೋ ವಿಮಾನ ಇಲ್ಲೇ ಸುತ್ತುತಿತ್ತು. ಪಾಪ, ದಾರಿ ತಪ್ಪಿರ್ಬೇಕು ಅಂದ್ರು ನಸೀಮಾ. ನಮ್ಮೋನಲ್ಲ ಬಿಡಿ ಅಂದೆ” ಎಂದಳು. ನಾನು ಹೂಂ ಎಂದೆ.

ಇವತ್ತು ಅದೇ ಜಮಖಾನವನ್ನು ಬಿಸಿಲಿಗೆ ಹಾಕಲು ಅಮ್ಮ, ನಾನು ಇಬ್ಬರೂ ತಾರಸಿ ಹತ್ತಿದೆವು. ಮೇಲೊಂದು ವಿಮಾನ ಹೋಯಿತು. ಅಮ್ಮ ಅದನ್ನೇ ನೋಡುತ್ತ, “ಅವತ್ತು ಸುತ್ತುತಿದ್ದೋನು ನೀನೇ ಅಂತ ಗೊತ್ತಿತ್ತು ಕಣೋ” ಎಂದಳು.

“ಹೆಂಗಮ್ಮ?”

“ಬೇರೆಯೋರು ನಮ್ಮನೆ ಮೇಲೆ ಅಷ್ಟೊತ್ತು ಯಾಕೆ ಸುತ್ತುತಾರೆ? ಕಣ್ಣಿಗೆ ಕಾಣ್ತಿರೋವರ್ಗೂ ನಿಂತಿದ್ದೆ. ಆಮೇಲೆ ನಿನ್ನ ಫೋನ್ ಬರೋವರ್ಗೂ ಇಲ್ಲೇ ಕೂತಿದ್ದೆ.”

ಅವಳು ಜಮಖಾನದ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟು, “ಬಲಕ್ಕೆ ಎಳಿಯಪ್ಪ” ಎಂದಳು.

“ಬಲಕ್ಕೆ ಎಳೀತಿದೀನಮ್ಮ” ಎಂದೆ.